ಚೀಟಿ ಕಿತ್ತ ಡಬ್ಬಿಗಳು

ಹಲಸೂರು, ಬೆಂಗಳೂರು
೧೮ ಜುಲೈ ೨೦೦೨

ಪ್ರೀತಿಯ ಆತಿಕಾ,

ನಿನ್ನ ಪತ್ರ ಬಂದು ಎರಡು ವಾರದ ಮೇಲಾಯಿತು. ಇಷ್ಟು ದಿನ ಸುಮ್ಮನೆ ಕೂತದ್ದಕ್ಕೆ ಕ್ಷಮಿಸು ಅಂತ ಕೇಳೋಕೂ ಮುಖವಿಲ್ಲ. ಮಗು ಬಿಡಲ್ಲ, ನಿದ್ದೆಯಿಲ್ಲ, ಮನೆಗೆ ನೆಂಟರು ಅಂತೆಲ್ಲ ನೆಪ ಬರೆದಿದ್ದ ಹಾಳೆ ಹರಿದು ಹಾಕಿದೆ. "ನಾವೆಲ್ಲ ಇಲ್ಲಿ ಕ್ಷೇಮ" ಅಂತ ಶುರು ಮಾಡಿದ್ದ ಇನ್ನೊಂದು ಹಾಳೆಯನ್ನ ಮುಕ್ತಾ ಕಿತ್ತುಕೊಂಡು ಜಗಿದಳು. ಒಳ್ಳೆಯದೇ ಆಯಿತು. ಈಗ ಸೀರೆಯ ಜೋಳಿಗೆಯಲ್ಲಿ ಮಲಗಿದಾಳೆ, ಕಾಲಲ್ಲಿ ಜೋಳಿಗೆ ತೂಗ್ತಾ ಬರೀತಿದೀನಿ. ಅಕ್ಷರ ಓರೆಯಾದ್ರೆ ಬೈಬೇಡ. ನಿನ್ನ ಅಕ್ಷರ ಆಗಲೂ ಮುತ್ತು, ಈಗಲೂ ಮುತ್ತು. ಕಾಲೇಜಿನಲ್ಲಿ ಕನ್ನಡ ಮೇಡಂ ನಿನ್ನ ಪ್ರಬಂಧ ಎತ್ತಿ ತೋರಿಸಿ "ಮನೇಲಿ ಉರ್ದು ಮಾತಾಡೋ ಹುಡುಗಿ ನಿಮಗಿಂತ ಚೆನ್ನಾಗಿ ಬರೀತಾಳಲ್ರೇ, ನಾಚಿಕೆ ಆಗಲ್ವಾ?" ಅಂತಿದ್ರಲ್ಲ, ನೆನಪಿದೆಯಾ? ಆಗ ಆಗದ ನಾಚಿಕೆ ಈಗ ಬಡ್ಡಿ ಸಮೇತ ಆಗ್ತಿದೆ.

ನೀನು ಕೇಳಿದ್ದು ಒಂದೇ ಮಾತು. "ಹಿಂದಿನ ಡಬ್ಬಿಗಳು ಕಸ್ಟಮ್ಸ್‌ನಲ್ಲೇ ಕೂತಿದ್ರೆ ಮಗು ಏನು ಕುಡಿಯುತ್ತೆ? ಇನ್ನೊಂದು ಪಾರ್ಸೆಲ್ ಕಟ್ಟಿಟ್ಟಿದೀನಿ. ಈ ಸಲ ಯಾರ ಹೆಸರಿಗೆ ಕಳಿಸಲಿ? ಬೇಗ ಬರಿ." ಅಷ್ಟಕ್ಕೆ ಒಂದು ಸಾಲು ಸಾಕಿತ್ತು. ನನ್ನ ಮಗುವಿನ ಹೊಟ್ಟೆಯ ಪ್ರಶ್ನೆ ಅದು, ನನಗೆ ಉತ್ತರ ಬರೆಯೋಕಾಗಲಿಲ್ಲ. ಯಾಕಂದ್ರೆ ಅದರ ಕೆಳಗೇ ನೀನು ಬರೆದಿದ್ದೆ: "ಅವತ್ತು ಮುಕ್ತಾಗೆ ಜ್ವರ ಬಂದು ನೀನು ಅಬ್ಬಾ ಜೊತೆ ಕಸ್ಟಮ್ಸ್‌ಗೆ ಹೋಗೋಕಾಗ್ಲಿಲ್ಲ ಅಂತ ಅಮ್ಮಿ ಫೋನಲ್ಲಿ ಹೇಳಿದ್ರು. ಅದಕ್ಕೆಲ್ಲ ಬೇಜಾರು ಮಾಡ್ಕೋಬೇಡ ಕಣೇ." ಅಲ್ಲಿಗೆ ಪತ್ರ ಮಡಿಚಿ ದಿಂಬಿನ ಕೆಳಗೆ ಇಟ್ಟೋಳು ಇವತ್ತು ಬಿಚ್ಚಿದೀನಿ.

ಮೊದಲು ಮುಕ್ತಾ ಸುದ್ದಿ ಹೇಳಿಬಿಡ್ತೀನಿ. ಮೇಲೆರಡು ಕೆಳಗೆರಡು ಹಲ್ಲು ಬಂದಿವೆ. ಗೋಡೆ ಹಿಡಿದು ನಿಲ್ಲುತ್ತಾಳೆ, ಗೋಡೆ ಬಿಟ್ಟು ನಿಂತಿದೀನಿ ಅಂತ ನೆನಪಾದ ತಕ್ಷಣ ಧೊಪ್ಪಂತ ಕೂರ್ತಾಳೆ. ನೀನು ಕಳಿಸಿದ ಹಳದಿ ಸ್ವೆಟರ್ ಮಾತ್ರ ಕೈಗೆ ಬಂದಿಲ್ಲ, ಅದೂ ಡಬ್ಬಿಗಳ ಜೊತೆ ಒಳಗೇ ಇದೆ. ಮೇ ತಿಂಗಳಲ್ಲಿ ಡಾಕ್ಟರು "ತಡವಾಗಿ ಗೊತ್ತಾದ್ರೂ ಮಗು ಹಿಡ್ಕೊಳ್ತಾ ಇದೆ, ಪುಡಿ ಮಾತ್ರ ತಪ್ಪಿಸಬೇಡಿ" ಅಂದಿದ್ರು. ಅವರು ಮೊದಲು ಹೇಳಿದ್ದನ್ನ ನಾನು ಈಗಲೂ ಮಂತ್ರದ ಹಾಗೆ ಬಾಯಲ್ಲಿ ಹೇಳ್ಕೊಳ್ತೀನಿ: ಹಾಲು, ಬೇಳೆ, ಗೋಧಿಯಲ್ಲಿರೋ ಒಂದು ಅಂಶ ಈ ಮಗುವಿನ ಮೈಯಲ್ಲಿ ಕರಗಲ್ಲ, ರಕ್ತದಲ್ಲಿ ನಿಂತು ಮಿದುಳಿಗೆ ಏರುತ್ತೆ, ಆ ಅಂಶ ತೆಗೆದು ಮಾಡಿದ ಪುಡಿಯೇ ಇವಳಿಗೆ ಹಾಲು. ಅದು ಇಲ್ಲಿ ಯಾವ ಅಂಗಡಿಯಲ್ಲೂ ಇಲ್ಲ. ನೀನು ಆ ದೂರದ ದೇಶದಲ್ಲಿ ನಿಮ್ಮೂರ ಔಷಧಿ ಅಂಗಡಿಯವನನ್ನ ಕಾಡಿ ಬೇಡಿ ತರಿಸಿ ಕಳಿಸಿದ್ರೆ ಉಂಟು.

ಡಬ್ಬಿ ತಳ ಕಂಡ ವಾರ ಮತ್ತೆ ಆ ವಾಸನೆ ಬಂತು ಆತಿಕಾ. ನೆತ್ತಿಗೆ ಮೂಗಿಟ್ಟರೆ ಇಲಿ ಓಡಾಡಿದ ಗೋಣಿಚೀಲದ ವಾಸನೆ. ಹೆತ್ತೋಳು ಮಗುವಿನ ನೆತ್ತಿ ಮೂಸೋಕೆ ಹೆದರಬೇಕು ಅಂದ್ರೆ ಹೇಗಿರುತ್ತೆ ಯೋಚನೆ ಮಾಡು. ಡಾಕ್ಟರು ಇಂಥದೇ ಮಗು ಇರೋ ಇನ್ನೊಂದು ಮನೆಯವರನ್ನ ಕೇಳಿ ಅರ್ಧ ಡಬ್ಬಿ ಕೊಡಿಸಿದ್ರು. ಅವರೂ ನಮ್ಮ ಹಾಗೇ ಹೊರದೇಶದ ದಾರಿ ಕಾಯೋರು, ಕೊಡುವಾಗ ಆ ತಾಯಿಯ ಕೈ ಹಿಂದೆ ಮುಂದೆ ಆಗ್ತಿತ್ತು. ಸಬ್ಬಕ್ಕಿ ಗಂಜಿ, ಬೇಯಿಸಿದ ಸೇಬು, ನಿಮ್ಮ ಅಬ್ಬಾ ಅಂಗಡಿಯ ಖರ್ಜೂರ, ಇಷ್ಟರಲ್ಲೇ ಪುಡಿಯನ್ನ ಎಳೆದಾಡ್ತಿದೀನಿ.

ಇದೆಲ್ಲ ಹೇಗಾಯ್ತು ಅಂತ ನಿನಗೆ ಅರ್ಧ ಗೊತ್ತು. ಉಳಿದರ್ಧ ನಾನು ಹೇಳಿರಲಿಲ್ಲ.

ನಾನು ಮಾಮಾನ್ನ ಮದುವೆಯಾಗ್ತೀನಿ ಅಂದಾಗ ನೀನು ಕ್ಯಾಂಟೀನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. "ಅಯ್ಯೋ, ಅಜ್ಜೀನೇ ಅತ್ತೆ! ಅತ್ತೆ ಜೊತೆ ಜಗಳ ಆದ್ರೆ ಯಾವ ಅಜ್ಜಿ ಮಡಿಲಲ್ಲಿ ಅಳ್ತೀಯೇ?" ನಾನೂ ಬಿಡದೆ "ನಿಮ್ಮಲ್ಲಿ ಚಾಚಾ ಮಗ ಆಗ್ಬಹುದು, ನಮ್ಮಲ್ಲಿ ಮಾಮಾ ಆಗ್ಬಾರ್ದಾ?" ಅಂದಿದ್ದೆ. ಅವ್ವನ ತಮ್ಮ, ಎತ್ತಿ ಆಡಿಸಿದ ಬಸವಪ್ರಭು ಮಾಮಾ ಈಗ "ಇವರು". ನಮ್ಮ ರಾಣೆಬೆನ್ನೂರ ಕಡೆ ಅದೇನು ಹೊಸದಲ್ಲ, ಕಾಶಮ್ಮಜ್ಜಿ ತೊಟ್ಟಿಲಲ್ಲೇ ನಿಶ್ಚಯ ಮಾಡಿದ್ದ ಮಾತು. ಹೋದ ವರ್ಷ ಡಾಕ್ಟರು ರಿಪೋರ್ಟ್ ನೋಡ್ತಾ "ಹತ್ತಿರದ ಸಂಬಂಧಾನಾ?" ಅಂದ್ರು. "ತಾಯಿಯ ತಮ್ಮ" ಅಂದೆ. ಅವರು ತಲೆಯೆತ್ತದೆ ಬರೆದುಕೊಂಡ್ರು. ಆಸ್ಪತ್ರೆಯ ಮೆಟ್ಟಿಲಲ್ಲೇ ನಾವಿಬ್ಬರೂ ಮಾತಾಡಿಕೊಂಡ್ವಿ: ಅಜ್ಜಿಗೆ ಗೊತ್ತಾಗಬಾರದು, ನನ್ನ ಕೈಯಾರೆ ಕೂಸಿಗೆ ಹೀಗೆ ಮಾಡಿದೆ ಅಂತ ಎದೆ ಒಡೆದುಕೊಳ್ತಾಳೆ. ನಮ್ಮ ಜೊತೆಗೇ ಇರೋ ನನ್ನ ತಂಗಿ ಐಶ್ವರ್ಯಾ ಮದುವೆ ಆಗೋವರೆಗೆ ಹೊರಗೆ ಯಾರಿಗೂ ಗೊತ್ತಾಗಬಾರದು, ಅವರ ರಕ್ತದಲ್ಲೇ ಕಾಯಿಲೆ ಇದೆ ಅಂದ್ರೆ ಆ ಹುಡುಗೀನ ಯಾರು ಕೇಳ್ತಾರೆ? ಬೇರೆ ಕಡೆ ಕೊಟ್ರೆ ಭಯವಿಲ್ಲ ಅಂತ ಡಾಕ್ಟರು ಹೇಳಿದ್ರು ನಿಜ. ಆದರೆ ಗಂಡಿನ ಕಡೆಯವರ ಮುಂದೆ ಡಾಕ್ಟರನ್ನ ಕೂರಿಸೋಕಾಗುತ್ತಾ?

ನಿನ್ನ ಮೊದಲನೇ ಪಾರ್ಸೆಲ್ ನನ್ನ ವಿಳಾಸಕ್ಕೇ ಬಂತಲ್ಲ. ಹಾಲಿನ ಪುಡಿ ಅಂತ ಲೆಕ್ಕ ಹಾಕಿ ಡಬ್ಬಿಯ ಬೆಲೆಗಿಂತ ಸುಂಕ ಜಾಸ್ತಿ ಹಾಕಿದ್ರು. ಇವರು ರಜ ಹಾಕಿ ಅಲೆದು, ಡಾಕ್ಟರ ಪತ್ರ ತೋರಿಸಿದ ಮೇಲೆ ಇಳಿಸಿ ಕೊಟ್ರು. ಆ ಅಧಿಕಾರಿ ಇವರಿಗೆ ಬಿಡಿಸಿ ಹೇಳಿದ್ರಂತೆ, "ಮುಂದಿನ ಸಲ ಡಾಕ್ಟರ ಪತ್ರದ ಪ್ರತಿ ಪಾರ್ಸೆಲ್ ಒಳಗೇ ಹಾಕ್ಸಿ. ಮೇಲೆ ದೊಡ್ಡದಾಗಿ ಬರೆಸಿ, ಮಗುವಿನ ಔಷಧಿ ಆಹಾರ ಅಂತ. ಇಷ್ಟು ಒದ್ದಾಟ ಇರಲ್ಲ." ಇದು ನನಗೆ ಗೊತ್ತಿತ್ತು ಆತಿಕಾ. ಸರಿಯಾದ ದಾರಿ ಯಾವುದು ಅಂತ ಗೊತ್ತಿಲ್ಲದೆ ತಪ್ಪಿದ್ದಲ್ಲ.

ಆಮೇಲೆ ಐಶ್ವರ್ಯಾನ ನೋಡೋಕೆ ಗಂಡಿನ ಕಡೆಯವರು ಬಂದ್ರು. ಹುಡುಗನ ಅಕ್ಕ ನರ್ಸು. ನೀರು ಕೇಳ್ಕೊಂಡು ಅಡುಗೆಮನೆಗೇ ಬಂದೋಳು ಗೂಡಿನಲ್ಲಿದ್ದ ಡಬ್ಬಿ ಕೈಗೆ ತಗೊಂಡು "ಇದೇನ್ರೀ, ಫಾರಿನ್ ಡಬ್ಬಿ?" ಅಂತ ತಿರುಗಿಸಿ ಓದೋಕೆ ಶುರು ಮಾಡಿದ್ಲು. ನಾನು ಹಾರಿಹೋಗಿ ಕಿತ್ಕೊಂಡೆ. "ಖಾಲಿ ಡಬ್ಬಿ ರೀ, ರವೆ ಹಾಕಿಟ್ಟಿದೀನಿ." ಅವಳು ನಕ್ಕಳು. ಅವರು ಗೇಟು ದಾಟೋ ಮುಂಚೆಯೇ ಡಬ್ಬಿಯ ಮೇಲಿನ ಚೀಟಿಯನ್ನೆಲ್ಲ ಉಗುರಿನಿಂದ ಕೆರೆದು ಹಾಕಿದೆ.

ಅವತ್ತೇ ನಿನಗೆ ಫೋನ್ ಮಾಡಿ ಬೇಡ್ಕೊಂಡದ್ದು, ಮುಂದಿನ ಡಬ್ಬಿಗಳ ಚೀಟಿ ನೀನೇ ಕಿತ್ತು ಕಳಿಸು ಅಂತ. ನೀನು ಎಷ್ಟು ಹೇಳಿದೆ. "ಅದರ ಮೇಲೆ ಬರೆದಿರೋದೇ ಅದಕ್ಕೆ ಜಾತಕ ಕಣೇ, ಅದನ್ನ ಕಿತ್ರೆ ಏನು ಅಂತ ಹೇಳೋದು?" ನಾನು ಕೇಳಲಿಲ್ಲ. ಕೊನೆಗೆ ನೀನೇ ಬಚ್ಚಲಲ್ಲಿ ಬಿಸಿನೀರಲ್ಲಿ ನೆನೆಸಿ ಕೀಳ್ತಾ "ಏನೇ, ನನ್ನ ಕೈಲಿ ಸ್ಮಗ್ಲಿಂಗ್ ಮಾಡಿಸ್ತಿದೀಯಾ?" ಅಂತ ನಕ್ಕಿದ್ದೆ. ಅದು ಸಾಲದು ಅಂತ ಪಕ್ಕದ ಮನೆ ಕನ್ನಿಯಮ್ಮ ಆಂಟಿಯ ಬುದ್ಧಿವಾದ ಬೇರೆ. "ಹಳೇ ಬಟ್ಟೆ, ಗಿಫ್ಟು ಅಂತ ಬರೆದ್ರೆ ಸುಮ್ನೆ ಬಿಟ್ಬಿಡ್ತಾನಮ್ಮ. ನಮ್ ತಂಬಿ ಸಿಂಗಾಪೂರ್‌ನಿಂದ ಮಿಕ್ಸೀನೇ ಹಂಗ್ ಕಳ್ಸಿದಾನೆ, ಸೀರೆ ಸುತ್ತಿ!" ಸುಂಕವೂ ಉಳಿಯುತ್ತೆ, ಗುಟ್ಟೂ ಉಳಿಯುತ್ತೆ ಅಂತ ನಿನ್ನ ಕೈಲಿ ಹಾಗೇ ಬರೆಸಿದೆ. ನಮ್ಮ ಮನೆಗೆ ಬಂದ್ರೆ ಪೋಸ್ಟ್‌ಮ್ಯಾನ್ ಮುಂದೆ, ಐಶ್ವರ್ಯಾ ಮುಂದೆ, ಅಜ್ಜಿ ಮುಂದೆ ಬಿಚ್ಚಬೇಕು. ಅದಕ್ಕೆ ಅಬ್ಬಾ ಹೆಸರಿಗೆ.

ಕೇಳೋಕೆ ಅಂತ ಅಂಗಡಿಗೆ ಹೋದಾಗ ಅಬ್ಬಾ ಖರ್ಜೂರದ ಪೆಟ್ಟಿಗೆ ಒಡೀತಾ ಇದ್ರು. "ಅರೇ, ನೀನು ಹುಟ್ಟೋಕೆ ಮುಂಚೆಯಿಂದ ಇರಾನ್ ಮಾಲು ಮಾರೋನು ನಾನು. ನಿನ್ನ ನಾಲ್ಕು ಡಬ್ಬಿಗೆ ಹೆದರ್ತೀನಾ? ನನ್ನ ಹೆಸರೇ ಹಾಕ್ಸು ಬೇಟಾ" ಅಂದ್ರು. ಡಬ್ಬಿಯ ಚೀಟಿ ಕಿತ್ತಿದೆ, ಮೇಲೆ ಹಳೇ ಬಟ್ಟೆ ಅಂತ ಬರೆದಿದೆ ಅನ್ನೋದನ್ನ ನಾನು ಅವರಿಗೆ ಹೇಳಲಿಲ್ಲ. ಹೇಳಿದ್ರೆ ಒಪ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ.

ಪಾರ್ಸೆಲ್ ವಾರಗಟ್ಟಲೆ ಬರಲೇ ಇಲ್ಲ. ಬಂದದ್ದು ಒಂದು ಕಾಗದ, ವಿಳಾಸದಾರರು ಗುರುತಿನ ಚೀಟಿಯೊಂದಿಗೆ ಹಾಜರಾಗಿ ವಿವರಣೆ ಕೊಡತಕ್ಕದ್ದು ಅಂತ. ಅಬ್ಬಾ ಅದನ್ನ ಸುಂಕ ಕಟ್ಟೋಕೆ ಕರೆದಿದಾರೆ ಅಂದ್ಕೊಂಡ್ರು. ಇಸ್ತ್ರಿ ಹಾಕಿದ ಶರ್ಟು, ಕಪ್ಪು ಟೋಪಿ ಹಾಕ್ಕೊಂಡು ಹೊರಟ್ರಂತೆ. ಅಲ್ಲಿ ಅವರ ಮುಂದೆಯೇ ಪೆಟ್ಟಿಗೆ ಬಿಚ್ಚಿದ್ರಂತೆ. ಮೇಲೆ ಬರೆದದ್ದು ಹಳೇ ಬಟ್ಟೆ. ಒಳಗೆ ಸ್ವೆಟರು, ಟೋಪಿ, ಅವುಗಳ ಮಧ್ಯೆ ಡಬ್ಬಿಗಳು. ಡಬ್ಬಿಯ ಮೈಮೇಲೆ ಒಂದಕ್ಷರ ಇಲ್ಲ, ಬರೀ ಗೋಂದಿನ ಕಲೆ. ಮುಚ್ಚಳ ತೆಗೆದ್ರೆ ಬಿಳೀ ಪುಡಿ. ಹೋದ ವರ್ಷ ಅಮೆರಿಕದಲ್ಲಿ ಟಪಾಲಿನೊಳಗೆ ಆಂಥ್ರಾಕ್ಸ್ ರೋಗದ ಪುಡಿ ಬಂದಾಗಿನಿಂದ ಬಿಳೀ ಪುಡಿ ಅಂದ್ರೆ ಪೋಸ್ಟಿನವರು ಎಷ್ಟು ಹೆದರ್ತಾರೆ ಅಂತ ನಿನಗೂ ಗೊತ್ತು.

"ಏನ್ರೀ ಇದು? ಬಟ್ಟೆ ಅಂತ ಬರೆಸಿ ಪುಡಿ ತರಿಸಿದೀರ?"

"ಮಗು ಕುಡಿಯೋ ಪುಡಿ ಸಾರ್."

"ಯಾರ ಮಗು?"

"ನನ್ನ ಮೊಮ್ಮಗಳು."

"ಹೆಸರೇನು?"

"ಮುಕ್ತಾ."

ಅಧಿಕಾರಿ ಅಬ್ಬಾನ ಗುರುತಿನ ಚೀಟಿ ಇನ್ನೊಂದು ಸಲ ನೋಡಿದ್ರಂತೆ. "ನೀವು ನಜೀರ್ ಅಹ್ಮದ್. ಮೊಮ್ಮಗಳು ಮುಕ್ತಾ?"

"ಹೌದು ಸಾರ್. ಮುಕ್ತಾ."

"ಡಾಕ್ಟರ ಪತ್ರ ಇದೆಯಾ? ತಾಯಿ ಎಲ್ಲಿ?"

ತಾಯಿ ಮನೇಲಿದಾಳೆ, ಮಗೂಗೆ ಜ್ವರ ಅಂದ್ರಂತೆ.

ಅವರು ಕೆಟ್ಟದಾಗಿ ನಡ್ಕೊಳ್ಳಲಿಲ್ಲ ಅಂತ ಅಬ್ಬಾ ಸಾರಿ ಸಾರಿ ಹೇಳ್ತಾರೆ. ಕುರ್ಚಿ ಕೊಟ್ರು, ನೀರು ಕೊಟ್ರು, ನಮಾಜಿನ ಹೊತ್ತಿಗೆ ಒಂದು ಮೂಲೆ ತೋರಿಸಿದ್ರು. ಆದರೆ ಕಚೇರಿ ಮುಚ್ಚೋವರೆಗೂ ಕೂರಿಸಿಕೊಂಡ್ರು. ಪುಡಿ ಪರೀಕ್ಷೆಗೆ ಹೋಯಿತು, ಕರೆದಾಗ ಬರ್ತೀನಿ ಅಂತ ಬರೆದುಕೊಟ್ಟು ಬಂದ್ರು. ಅವರ ತಪ್ಪೇನಿದೆ? ಹೆಸರಿಲ್ಲದ ಡಬ್ಬಿ ಕಂಡ್ರೆ ನಾನಾದ್ರೂ ಕೇಳ್ತಿದ್ದೆ.

ಮಾರ್ಕೆಟ್ಟಿನ ಸುದ್ದಿ ಅಮ್ಮಿ ನಿನಗೆ ಹೇಳಿರಲ್ಲ. ಮಾರನೇ ದಿನ ಪಕ್ಕದ ಅಂಗಡಿ ಅಕ್ತರ್ ಎಲ್ಲರೆದುರು "ಕ್ಯಾ ನಜೀರ್ ಭಾಯ್, ಖರ್ಜೂರ ಬಿಟ್ಟು ಪೌಡರ್ ವ್ಯಾಪಾರಾನಾ? ನಮಗೂ ಒಂದು ಪಾಲು ಕೊಡಿ" ಅಂತ ಕಿಚಾಯಿಸಿದ್ನಂತೆ. ಎಲ್ಲರೂ ನಕ್ರು, ಅಬ್ಬಾನೂ ನಕ್ರು. ಆಮೇಲೊಂದು ದಿನ ಕಸ್ಟಮ್ಸ್ ಕಚೇರಿಯಿಂದ ಇಬ್ಬರು ಬಂದು ಅಂಗಡಿಯ ಡಬ್ಬ, ಪೆಟ್ಟಿಗೆ, ಗೋಡಂಬಿ ಚೀಲ ಎಲ್ಲ ತೆಗೆಸಿ ನೋಡಿ ಹೋದ್ರು. ಅವತ್ತಿನಿಂದ ಅಕ್ತರ್ ತಮಾಷೆ ಮಾಡೋದು ಬಿಟ್ಟಿದಾನೆ. ಅಮ್ಮಿ ನನ್ನ ಹತ್ರ ಹೇಳಿದ್ದು ಅಷ್ಟೇ: "ಅವನು ಕಾಡಿಸ್ತಿದ್ರೇ ಚೆನ್ನಾಗಿತ್ತು ಬೇಟಿ. ಈಗ ಸಲಾಮ್ ಹೇಳಿ ಆ ಕಡೆ ತಿರುಗ್ತಾನೆ."

ಇನ್ನು ನನ್ನ ಮನೆಯ ವಿಷಯ. ಹೋದ ವಾರ ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದೆ. ಅಜ್ಜಿ ಕಾಲು ಚಾಚಿ, ಕಾಲ ಮೇಲೆ ಮುಕ್ತಾನ ಮಲಗಿಸಿಕೊಂಡು, ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸ್ತಾ ಇದ್ಲು. ನಾನು ಕುಡಿದ ಒಳಲೆ ಅದು, ನಮ್ಮವ್ವನೂ ಕುಡಿದದ್ದು. ಮುಕ್ತಾ ಚಪ್ಪರಿಸಿ ಚಪ್ಪರಿಸಿ ಕುಡೀತಿದ್ಲು. ಅಜ್ಜಿ ತಪ್ಪು ಮಾಡಿ ಸಿಕ್ಕಿಬಿದ್ದೋಳ ಹಾಗೆ ನಕ್ಕು, "ಹಾಲ ಕುಡೀಲಾರದ ಕೂಸು ಎಲ್ಲೆರ ಐತೇನವಾ? ಪುಡಿ ತಿಂದು ಬೆಳಿತಾವೇನು ಮಕ್ಕಳು? ನೀ ಮಲಗಿದಾಗ ದಿನಾ ಒಂದೀಟು ಹಾಕ್ತೀನಿ, ನೋಡು ಹೆಂಗ ಗುಂಡಗಾಗ್ಯಾಳ" ಅಂದ್ಲು.

ದಿನಾ.

ನಾನು ಒಳಲೆ ಕಿತ್ತು ಎಸೆದೆ ಆತಿಕಾ. ಹಾಲು ಗೋಡೆಗೆಲ್ಲ ಹಾರಿತು. "ವಿಷ ಅಜ್ಜಿ ಅದು, ಅವಳಿಗೆ ವಿಷ!" ಅಂತ ಕಿರುಚಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಎಲ್ಲಾನೂ ಹೇಳಿದೆ. ಕಾಯಿಲೆ, ಡಾಕ್ಟರು ಕೇಳಿದ ಪ್ರಶ್ನೆ, ಡಬ್ಬಿ, ಕಸ್ಟಮ್ಸು, ಅಬ್ಬಾ. ಎದೆ ಒಡೆದುಕೊಳ್ತಾಳೆ ಅಂತ ಯಾರಿಂದ ಮುಚ್ಚಿಟ್ಟಿದ್ವೋ ಆ ಅಜ್ಜಿ ಅಳಲೂ ಇಲ್ಲ. ಮುಕ್ತಾನ ನನ್ನ ಮಡಿಲಿಗೆ ಹಾಕಿ, ತನ್ನ ಎರಡೂ ಕೈ ನೋಡಿಕೊಂಡು ಹೇಳಿದ್ಲು. "ನನ್ನ ಕೈಲೇ ಹಾಕ್ಸಿದಿ ಅಲ್ಲ ತಂಗಿ. ಒಂದ ಮಾತು ಹೇಳಬಾರದಾಗಿತ್ತೇನು?"

ಒಳಲೆ ಎತ್ತಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ಲು. ಮೂರನೇ ದಿನ ಕಾಯಿಪಲ್ಲೆ ಸೋಸ್ತಾ ಕೇಳಿದ್ಲು, "ಆ ಸಾಬರು ಕಚೇರಿಗೆ ತಿರುಗೋದು ನಿನ್ನ ಕೂಸಿನ ಸಲುವಾಗಿ ಹೌದಲ್ಲೋ?" ಹೂಂ ಅಂದೆ. "ಅವರು ತಿರುಗೋದು, ನೀ ಮನ್ಯಾಗ ಕುಂದ್ರೋದು. ಇದು ಯಾವ ನ್ಯಾಯ?" ಅಜ್ಜೀನೇ ಅತ್ತೆಯಾದ್ರೆ ಎಲ್ಲಿ ಹೋಗಿ ಅಳ್ತೀಯ ಅಂತ ಕೇಳಿದ್ದೆಯಲ್ಲ, ಉತ್ತರ ಇನ್ನೂ ಸಿಕ್ಕಿಲ್ಲ.

ಐಶ್ವರ್ಯಾಗೂ ಹೇಳಿದೆ. ಅವಳು ಬೇರೆ ಥರ. "ನನ್ನ ಮದುವೆಗೋಸ್ಕರ ಅಂತ ಮಾತ್ರ ಹೇಳ್ಬೇಡ ಅಕ್ಕ. ನಾನು ಕೇಳಿದ್ನಾ? ಮುಚ್ಚಿಟ್ಟು ಮದುವೆ ಮಾಡಿ, ನಾಳೆ ಆ ನರ್ಸಮ್ಮ ಡಬ್ಬಿ ಹಿಡ್ಕೊಂಡು ನನ್ನ ಕೇಳಿದ್ರೆ ನಾನೇನ್ ಹೇಳ್ಲಿ, ರವೆ ಅಂತಾನಾ?" ಅಂದ್ಲು. ಭಾನುವಾರ ಅವಳೇ ಹುಡುಗನಿಗೆ ಹೇಳ್ತಾಳಂತೆ. ಏನಾಗುತ್ತೋ ಗೊತ್ತಿಲ್ಲ. ಇವರು ಮಾತ್ರ ಕೆ.ಆರ್. ಪುರದ ಕಾರ್ಖಾನೆಗೆ ಹೋಗಿ ಬಂದು, ಊಟ ಮಾಡಿ, ಮುಕ್ತಾನ ಹೆಗಲ ಮೇಲೆ ಹಾಕ್ಕೊಂಡು ವರಾಂಡದಲ್ಲಿ ತಿರುಗ್ತಾರೆ.

ಈ ತಿಂಗಳ ಕೊನೇ ಸೋಮವಾರ ಅಬ್ಬಾನ ಮತ್ತೆ ಕರೆದಿದಾರೆ. ಪರೀಕ್ಷೆಯ ವರದಿ ಬಂದಿರಬಹುದು, ಬಂದಿಲ್ಲದೆಯೂ ಇರಬಹುದು. ಈ ಸಲ ನಾನೂ ಹೋಗ್ತೀನಿ. ಡಾಕ್ಟರ ಪತ್ರ, ಮುಕ್ತಾಳ ರಿಪೋರ್ಟು, ನನ್ನ ಗುರುತಿನ ಚೀಟಿ, ಮುಕ್ತಾನೂ ಸೇರಿ. ಡಬ್ಬಿ ನನ್ನದು, ಚೀಟಿ ಕೀಳಿಸಿದ್ದು ನಾನು, ಬಟ್ಟೆ ಅಂತ ಬರೆಸಿದ್ದು ನಾನು, ಈ ಹಿರಿಯರಿಗೆ ಇದ್ಯಾವುದೂ ಗೊತ್ತಿರಲಿಲ್ಲ ಅಂತ ಬರೆದುಕೊಡ್ತೀನಿ. ದಂಡ ಹಾಕಿದ್ರೆ ಕಟ್ಟೋಣ ಅಂತ ಇವರೂ ಹೇಳಿದಾರೆ. ಬಟ್ಟೆ ಅಂತ ನಿನ್ನ ಕೈಲಿ ಬರೆಸಿದ್ದಕ್ಕೆ ನಿನಗೇನಾದ್ರೂ ತೊಂದರೆ ಬಂದ್ರೆ ಅಂತ ಬೇರೆ ಹೆದರಿಕೆ. ಬಂದ್ರೆ ನನ್ನ ಈ ಪತ್ರವನ್ನೇ ತೋರಿಸು.

ಜೋಳಿಗೆ ಅಲ್ಲಾಡ್ತಿದೆ, ಎದ್ದಳು. ನಿನ್ನ ಮಗನಿಗೆ ಕನ್ನಡದಲ್ಲಿ ಬೈಯೋದು ಮರೀಬೇಡ, ಇಲ್ಲಾಂದ್ರೆ ನಮ್ಮ ಮುಂದೆ ಪೆದ್ದನ ಹಾಗೆ ನಿಲ್ತಾನೆ. ಅವನ ಅಪ್ಪ ಅಬ್ರಾರ್ ಭಾಯ್‌ಗೆ ನನ್ನ ಸಲಾಮ್. ನಿನ್ನ ಮನೆಯ ದೀಪ ತಣ್ಣಗಿರಲಿ, ನಿನ್ನ ಮಕ್ಕಳು ಕೇಳಿದ್ದು ಉಣ್ಣಲಿ, ಹಾಲು ಕುಡಿಯಲಿ.

ನಿನ್ನ,
ಪ್ರತಿಭಾ

ಮರೆತಿದ್ದಲ್ಲ, ಮೇಲೆ ಬರೆಯೋಕಾಗದೆ ಉಳಿಸಿಕೊಂಡದ್ದು:

ಮುಕ್ತಾಗೆ ಅವತ್ತು ಜ್ವರ ಇರಲಿಲ್ಲ. ಅವಳನ್ನ ಅಜ್ಜಿ ಹತ್ರ ಬಿಟ್ಟು ನಾನು ಅಬ್ಬಾ ಜೊತೆ ಹೋಗಿದ್ದೆ. ಅಲ್ಲಿ ನಡೆದದ್ದನ್ನೆಲ್ಲ ಯಾರೋ ಹೇಳಿದ ಹಾಗೆ ಬರೆದೆನಲ್ಲ, ಪೆಟ್ಟಿಗೆ ಬಿಚ್ಚಿದ್ದು, ಪ್ರಶ್ನೆ ಕೇಳಿದ್ದು ಎಲ್ಲ ನಾನು ಕಣ್ಣಾರೆ ಕಂಡದ್ದು. ಶಿವಾಜಿನಗರದಿಂದ ಒಂದೇ ಆಟೋದಲ್ಲಿ ಹೋದ್ವಿ. ದಾರಿಯಲ್ಲಿ ಅಬ್ಬಾ ಮುಕ್ತಾಗೆ ಅಂತ ಖರ್ಜೂರದ ಪೊಟ್ಟಣ ಕೊಟ್ರು, ನಿಮ್ಮ ಅಂಗಡಿಯ ಹೆಸರು ಅಚ್ಚಾಗಿರೋ ಹಸಿರು ಕಾಗದದ ಪೊಟ್ಟಣ. ಒಳಗೆ ಅಬ್ಬಾನ ಹೆಸರು ಕೂಗಿದ್ರು. ನಾನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ. ಡಾಕ್ಟರ ಪತ್ರ ನನ್ನ ಬ್ಯಾಗಲ್ಲೇ ಇತ್ತು.

ತಾಯಿ ಎಲ್ಲಿ ಅಂತ ಅಧಿಕಾರಿ ಕೇಳಿದಾಗ ಅಬ್ಬಾ ಬಾಯಿ ತೆರೆಯೋ ಮುಂಚೆ ಆ ಅಧಿಕಾರಿಯ ಕಣ್ಣು ನನ್ನ ಮೇಲೆ ಬಿತ್ತು. "ನೀವು ಇವರ ಜೊತೆ ಬಂದವರಾ?" ಅಂದ್ರು. ಪುಡಿ, ಪರೀಕ್ಷೆ, ಪೊಲೀಸು ಅನ್ನೋ ಮಾತು ಆಗಲೇ ಕಿವಿಗೆ ಬಿದ್ದಿತ್ತು. ನನ್ನನ್ನ ಕೂರಿಸಿಕೊಂಡ್ರೆ ಮಗು ಗತಿ ಏನು ಅಂತ ಯೋಚನೆ ಬಂತು ಅಂತ ಬರೀಬಹುದು. ಅದು ಬಂದದ್ದು ಆಮೇಲೆ. ಆ ಕ್ಷಣ ಬಂದದ್ದು ಬರೀ ಹೆದರಿಕೆ. "ಅಲ್ಲ ಸಾರ್, ನಾನು ಬೇರೆ ಕೆಲಸಕ್ಕೆ ಬಂದಿದೀನಿ" ಅಂದೆ. ಅನ್ನುತ್ತಾ ಮಡಿಲಲ್ಲಿದ್ದ ಪೊಟ್ಟಣವನ್ನ, ಅಂಗಡಿಯ ಹೆಸರು ಕಾಣದ ಹಾಗೆ, ಮಗುಚಿ ಹಿಡಿದೆ.

ಅಬ್ಬಾ ಹಿಂದೆ ತಿರುಗಿ ನನ್ನನ್ನ ನೋಡಿದ್ರು. ನನ್ನ ಕೈಯನ್ನೂ ನೋಡಿದ್ರು. ಆಮೇಲೆ ಅಧಿಕಾರಿಗೆ, ಏನೂ ಆಗದೋರ ಹಾಗೆ, "ಅಲ್ಲ ಸಾರ್, ಆಯಮ್ಮ ಯಾರೋ. ನಮ್ಮ ಹುಡುಗಿ ಮನೇಲಿದಾಳೆ, ಮಗೂಗೆ ಜ್ವರ" ಅಂದ್ರು.

ಕಾಲೇಜಿನ ಮೊದಲ ವರ್ಷದಿಂದ ನಿನ್ನ ಹಾಗೇ ಅವರನ್ನ ಅಬ್ಬಾ ಅಂತ ಕರೆದೋಳು ನಾನು. ಎದ್ದು ಹೊರಗೆ ಬಂದು ಸಿಕ್ಕಿದ ಬಸ್ಸು ಹತ್ತಿ ಮನೆಗೆ ಬಂದೆ. ಮಾರನೇ ದಿನ ಅಂಗಡಿಗೆ ಹೋದೆ, ಕಾಲು ಹಿಡ್ಕೊಳ್ಳಬೇಕು ಅಂತಲೇ ಹೋದೆ. ಅಮ್ಮಿ ಅಲ್ಲೇ ಕೂತಿದ್ರು. ಅಬ್ಬಾ ತಕ್ಕಡಿಯಿಂದ ಕಣ್ಣು ತೆಗೆಯದೆ ಕೇಳಿದ್ರು, "ಮುಕ್ತಾ ಜ್ವರ ಇಳೀತಾ ಬೇಟಾ?" ನಾನು ಹೇಳಿದೆ, "ಇಳೀತು ಅಬ್ಬಾ."

ಇದನ್ನ ಓದಿದ ಮೇಲೆ ಪಾರ್ಸೆಲ್ ಬಿಚ್ಚಿ ಡಬ್ಬಿ ವಾಪಸ್ ಕೊಟ್ರೂ ನಿನ್ನ ಮೇಲೆ ನನಗೆ ಕೋಪ ಬರಲ್ಲ. ಕಳಿಸೋ ಮನಸ್ಸಿದ್ರೆ ಡಬ್ಬಿಯ ಚೀಟಿ ಹಾಗೇ ಇರಲಿ. ಒಳಗೆ ಏನಿದೆಯೋ ಅದನ್ನೇ ಮೇಲೆ ಬರಿ. ಡಾಕ್ಟರ ಪತ್ರದ ಪ್ರತಿ ಇದರ ಜೊತೆ ಇಟ್ಟಿದೀನಿ. ಹೆಸರು ನನ್ನದು, ವಿಳಾಸ ನನ್ನದು, ದೊಡ್ಡ ಅಕ್ಷರದಲ್ಲಿ.

ಜ್ವರದ ವಿಷಯ ಮಾತ್ರ ಅಮ್ಮಿಗೆ ನೀನು ಫೋನ್ ಮಾಡಿ ಹೇಳಬೇಡ. ಸೋಮವಾರ ಕಚೇರಿಗೆ ಹೋಗೋ ಮುಂಚೆ ನಿಮ್ಮ ಮನೆಗೆ ಹೋಗ್ತೀನಿ. ಅದನ್ನ ಅವರು ನನ್ನ ಬಾಯಿಂದಲೇ ಕೇಳಬೇಕು, ಅಬ್ಬಾ ಎದುರಿಗೆ.